ಕಿಟಕಿ ನಾಲ್ಕಡಿ ಅಂದರೆ ಎಷ್ಟು?

“ನಾಲ್ಕು ಬೈ ನಾಲ್ಕರ ಕಿಟಕಿ, ರೋಲರ್ ಬ್ಲೈಂಡಿಗೆ ಎಷ್ಟಾಗುತ್ತೆ?” ಎಂದು ಅಂಗಡಿಗೆ ಫೋನು ಮಾಡಿ ಕೇಳುವವರು ಹಾಸನದಲ್ಲೂ ಇದ್ದಾರೆ, ಚನ್ನರಾಯಪಟ್ಟಣದಲ್ಲೂ ಇದ್ದಾರೆ. ಬಣ್ಣ, ಬಟ್ಟೆಯ ಮಾತು ಆಮೇಲೆ. ಕೆಲಸ ಬಲ್ಲ ಅಂಗಡಿಯವರು ಮೊದಲು ಕೇಳುವುದೇ ಬೇರೆ: “ಒಳಗೆ ಕೂರಿಸೋದಾ ಸಾರ್, ಹೊರಗೆ ಹಾಕೋದಾ?” ಒಳಗೆ ಎಂದರೆ ಕಿಟಕಿಯ ಕಿಂಡಿಯೊಳಗೆ, ಹೊರಗೆ ಎಂದರೆ ಕಿಂಡಿಯಾಚೆ ಕೋಣೆಯ ಗೋಡೆಯ ಮೇಲೆ. ಬಹಳ ಜನ ತಡವರಿಸುವುದು ಇಲ್ಲೇ. ಮನೆ ಕಟ್ಟುವಾಗ ಮೇಸ್ತ್ರಿ ಹೇಳಿದ್ದ ನಾಲ್ಕಡಿ ನೆನಪಿದೆ. ಆ ನಾಲ್ಕಡಿ ಎಲ್ಲಿಂದ ಎಲ್ಲಿಗೆ ಎಂಬುದು ನೆನಪಿಲ್ಲ.

ರೋಲರ್ ಬ್ಲೈಂಡ್ ಎಂದರೆ ಮೇಲೊಂದು ಕೊಳವೆ, ಅದಕ್ಕೆ ಸುತ್ತಿದ ಒಂದೇ ಪದರದ ಬಟ್ಟೆ, ಕೆಳಗೆ ಭಾರಕ್ಕೊಂದು ಪಟ್ಟಿ, ಪಕ್ಕದಲ್ಲಿ ಎಳೆಯಲು ಮಣಿಸರ. ಅಮೆರಿಕದ ಸ್ಟೀವರ್ಟ್ ಹಾರ್ಟ್‌ಶಾರ್ನ್ 1864ರಲ್ಲಿ ಸ್ಪ್ರಿಂಗ್ ಇರುವ ಕೊಳವೆಗೆ ಪೇಟೆಂಟ್ ಪಡೆದ ಮೇಲೆ ಇದು ಮನೆಮನೆಯ ಸಾಮಾನಾಯಿತು. ಮಾಮೂಲಿ ಕರ್ಟನ್ನಿಗೆ ನೆರಿಗೆ ಇರುತ್ತದೆ. ಎರಡು ಇಂಚು ಹೆಚ್ಚಾದರೂ ಕಡಿಮೆಯಾದರೂ ನೆರಿಗೆಯಲ್ಲೇ ಮುಚ್ಚಿಹೋಗುತ್ತದೆ. ಬ್ಲೈಂಡಿನಲ್ಲಿ ಆ ಅನುಕೂಲವಿಲ್ಲ. ಕೊಳವೆಯನ್ನು ಕತ್ತರಿಸಿದ ಮೇಲೆ ಉದ್ದ ಮಾಡಲಾಗದು. ಅಳತೆಗೆಂದೇ ಕತ್ತರಿಸಿದ ಮಾಲನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ಸು ತೆಗೆದುಕೊಳ್ಳುವುದೂ ಇಲ್ಲ.

ಹಾಗಾದರೆ ನಾಲ್ಕಡಿ ಎಂದರೆ ಎಷ್ಟು? ಬಡಗಿಗೆ ಅದು ಮರದ ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ, 48 ಇಂಚು. ಚೌಕಟ್ಟಿನ ಮರ ಎರಡೂವರೆ ಇಂಚು ದಪ್ಪದ್ದಾದರೆ ಎರಡು ಬದಿಯಿಂದ ಐದು ಇಂಚು ಹೋಯಿತು. ಗಾಳಿ ಬೆಳಕು ಬರುವ ಕಿಂಡಿ 43 ಇಂಚು ಮಾತ್ರ. ಇನ್ನು ಗಾರೆಯವರು ಪ್ಲಾಸ್ಟರಿಂಗ್ ಮಾಡುವಾಗ ಚೌಕಟ್ಟಿನ ಅಂಚಿನ ಮೇಲೆ ಸ್ವಲ್ಪ ಹತ್ತಿಸಿರುತ್ತಾರೆ. ಹಾಗಾಗಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದರೆ 47 ಚಿಲ್ಲರೆ ಬರಬಹುದು. ಒಂದೇ ಕಿಟಕಿ, ಮೂರು ಅಳತೆ. ಬ್ಲೈಂಡ್ ಎಲ್ಲಿ ಕೂರುತ್ತದೆ ಎಂದು ತೀರ್ಮಾನವಾಗುವ ತನಕ ಈ ಮೂರರಲ್ಲಿ ಯಾವುದು ಬೇಕೆಂದು ಹೇಳಲು ಬರುವುದಿಲ್ಲ. ಟೇಪು ಹಿಡಿಯುವ ಮೊದಲು ಕಿಟಕಿಯ ಮುಂದೆ ನಿಂತು ಅದರ ಬಾಗಿಲನ್ನೊಮ್ಮೆ ತೆಗೆದು, ಹಾಕಿ ನೋಡುವುದೇ ಅಳತೆಯ ಮೊದಲ ಹೆಜ್ಜೆ.

ಅರಕಲಗೂಡು, ಹೊಳೆನರಸೀಪುರದ ಹಳೆಯ ಬೀದಿಗಳಲ್ಲಿ ಹೆಂಚಿನ ಮನೆಗಳು ಇನ್ನೂ ಇವೆ. ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ, ಕಿಟಕಿ ಚಿಕ್ಕದು, ನಡುವೆ ಕಬ್ಬಿಣದ ಸರಳು, ಮರದ ಬಾಗಿಲು ತೆರೆಯುವುದು ಒಳಗಡೆಗೆ. ಗೋಡೆಯಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಚೌಕಟ್ಟಿನ ತಲೆಗೆ ಬ್ಲೈಂಡ್ ಹಾಕಿದರೆ ಬಾಗಿಲು ತೆರೆಯುವಾಗ ಅದಕ್ಕೆ ಬಡಿಯುತ್ತದೆ. ಅಲ್ಲಿ ಬ್ಲೈಂಡನ್ನು ಗೋಡೆಯ ಒಳಮೈ ಮೇಲೆ, ಕಿಟಕಿಗಿಂತ ಎತ್ತರದಲ್ಲಿ ಕೂರಿಸಬೇಕು. ಸುತ್ತಿಕೊಂಡಾಗ ಸುರುಳಿ ಬಾಗಿಲಿನ ತಲೆಗಿಂತ ಮೇಲಿದ್ದರೆ ತೊಂದರೆಯಿಲ್ಲ. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದು ಕಷ್ಟ. ಮೊದಲು ಉದ್ದಕ್ಕೊಂದು ಮರದ ಪಟ್ಟಿ ಬಿಗಿದು, ಅದರ ಮೇಲೆ ಬ್ರಾಕೆಟ್ ಹಾಕುವುದು ಕ್ಷೇಮ.

ಹೊಸ ಬಡಾವಣೆಗಳ ತಕರಾರು ಇದಕ್ಕೆ ತಿರುಗುಮುರುಗು. ಆರಿಂಚಿನ ಸಿಮೆಂಟ್ ಬ್ಲಾಕಿನ ಗೋಡೆಯಲ್ಲಿ ನಾಲ್ಕಿಂಚಿನ ಚೌಕಟ್ಟು ಕೂತರೆ ಉಳಿಯುವುದು ಎರಡಿಂಚಿನ ಚಿಲ್ಲರೆ. ಚೌಕಟ್ಟನ್ನು ಒಳಮೈಗೆ ಸಮನಾಗಿ ನಿಲ್ಲಿಸಿದ್ದರೆ ಒಳಗಡೆ ಏನೂ ಉಳಿಯುವುದಿಲ್ಲ. ಇಲ್ಲಿ ಸಣ್ಣ ಲೆಕ್ಕವೊಂದು ಕೆಲಸಕ್ಕೆ ಬರುತ್ತದೆ. 38 ಮಿ.ಮೀ. ಕೊಳವೆಗೆ ಅರ್ಧ ಮಿ.ಮೀ. ದಪ್ಪದ, ಒಂದೂವರೆ ಮೀಟರ್ ಉದ್ದದ ಬಟ್ಟೆ ಸುತ್ತಿದರೆ ಸುರುಳಿ ಸುಮಾರು 49 ಮಿ.ಮೀ. ಆಗುತ್ತದೆ. ಬ್ರಾಕೆಟ್ಟೂ ಸೇರಿ ಏಳು ಸೆಂಟಿಮೀಟರ್, ಅಂದರೆ ಮೂರಿಂಚಿಗೆ ಸ್ವಲ್ಪ ಕಡಿಮೆ, ಆಳ ಬೇಕು. ಅಷ್ಟು ಆಳ ಇಲ್ಲದ ಕಿಟಕಿಗೆ ‘ಒಳಗೆ ಕೂರಿಸೋದು’ ಎಂಬ ಮಾತೇ ಇಲ್ಲ.

ಆಳ ಇದ್ದರೂ ಸಾಲದು. ನಮ್ಮ ಮರದ ಕಿಟಕಿಗಳಿಗೆ ಹೊರಗೆ ಗಾಜಿನ ಬಾಗಿಲು, ನಡುವೆ ಗ್ರಿಲ್, ಒಳಗೆ ಸೊಳ್ಳೆ ಜಾಲರಿಯ ಬಾಗಿಲು ಇರುವುದು ಮಾಮೂಲು. ಗ್ರಿಲ್ ಅಡ್ಡ ಇರುವುದರಿಂದ ಜಾಲರಿ ಒಳಗಡೆಗೇ ತೆರೆಯಬೇಕು. ಹೊರಗಿನ ಗಾಜು ಮುಚ್ಚಲು ಕೈ ಚಾಚಬೇಕೆಂದರೆ ಮೊದಲು ಜಾಲರಿ ತೆರೆಯಬೇಕು, ಜಾಲರಿ ತೆರೆಯಬೇಕೆಂದರೆ ಬ್ಲೈಂಡ್ ಮೇಲೆ ಹೋಗಿರಬೇಕು. ಮಳೆ ಬಂದ ಗಳಿಗೆಯಲ್ಲಿ ಈ ಮೂರೂ ಕೆಲಸ ಸರಾಗವಾಗಿ ಆಗುವಂತಿದ್ದರೆ ಮಾತ್ರ ಬ್ಲೈಂಡಿನ ಜಾಗ ಸರಿಯಾಗಿದೆ ಎಂದರ್ಥ. ಯುಪಿವಿಸಿಯ ಜಾರು ಕಿಟಕಿಗಳಲ್ಲಿ ಗಾಜೂ ಜಾಲರಿಯೂ ಪಕ್ಕಕ್ಕೆ ಸರಿಯುವುದರಿಂದ ಈ ತಾಪತ್ರಯವಿಲ್ಲ. ಅಲ್ಲಿ ಹಿಡಿಕೆ ಎಷ್ಟು ಹೊರಚಾಚಿದೆ ಎಂದು ನೋಡಿಕೊಂಡರಾಯಿತು. ಹಿಡಿಕೆ ತಾಗುವಂತಿದ್ದರೆ ಬಟ್ಟೆ ಕೊಳವೆಯ ಹಿಂದಿನಿಂದ ಇಳಿಯುವ ಬದಲು ಮುಂದಿನಿಂದ ಇಳಿಯುವಂತೆ ಸುತ್ತಿಸಬಹುದು. ಇದನ್ನು ಆರ್ಡರ್ ಕೊಡುವಾಗಲೇ ಹೇಳಬೇಕು.

ಇನ್ನು ದಿಕ್ಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಬಿಸಿಲು ಬೀಳುವುದು ಉತ್ತರದಿಂದ. ಅದೂ ಬಹುತೇಕ ನೇರ ಮೇಲಿನಿಂದ ಬೀಳುವ ಕಾರಣ ಸಜ್ಜಾ ಅದನ್ನು ತಡೆಯುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಮಧ್ಯಾಹ್ನವೂ 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಒಂದೂವರೆ ಅಡಿ ಚಾಚಿದ ಸಜ್ಜಾದ ನೆರಳು ಆಗ ಎರಡಡಿ ಕೆಳಗಿಳಿಯುತ್ತದೆ. ನಾಲ್ಕಡಿ ಎತ್ತರದ ದಕ್ಷಿಣದ ಕಿಟಕಿಯ ಕೆಳಗಿನ ಅರ್ಧಕ್ಕೆ ಬಿಸಿಲು ಬರುವುದು ಹೀಗೆ, ಚಳಿಗಾಲದಲ್ಲಿ ಅದು ಹಿತವೇ.

ಕಾಟ ಕೊಡುವುದು ಪಶ್ಚಿಮದ ಕಿಟಕಿ. ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ 30 ಡಿಗ್ರಿ ಮೇಲಿರುತ್ತಾನೆ. ಅದೇ ಸಜ್ಜಾ ಆಗ ಕಾಯುವುದು ಮೇಲಿನ ಹತ್ತಿಂಚನ್ನು ಮಾತ್ರ. ಉಳಿದ ಮೂರಡಿಗೂ ಮಿಕ್ಕ ಜಾಗದಿಂದ ಬಿಸಿಲು ಸೀದಾ ಸೋಫಾದ ಮೇಲೆ. ಬ್ಲೈಂಡಿಗೆ ದುಡ್ಡು ಹಾಕುವುದಾದರೆ ಮೊದಲು ಈ ಗೋಡೆಗೆ ಹಾಕಬೇಕು. ಜೂನ್, ಜುಲೈನಲ್ಲಿ ಮುಂಗಾರಿನ ಗಾಳಿ ಬೀಸುವುದೂ ಈ ಕಡೆಯಿಂದಲೇ. ಅರಕಲಗೂಡಿನ ಮಲೆನಾಡಿನ ಅಂಚಿನಲ್ಲಿ ಎರಚಲು ಹೊಡೆಯುವಷ್ಟು ಮಳೆ ಚನ್ನರಾಯಪಟ್ಟಣದ ಬಯಲಲ್ಲಿ ಇಲ್ಲ. ಗಾಳಿ ಮಾತ್ರ ಎರಡೂ ಕಡೆ ಇದೆ. ಕಿಟಕಿ ತೆರೆದಿಟ್ಟರೆ ಹೊರಗೆ ಹಾಕಿದ ಬ್ಲೈಂಡ್ ಪಟಪಟ ಬಡಿದುಕೊಳ್ಳುತ್ತದೆ, ಗೋಡೆಯ ಸಂದಿನೊಳಗೆ ಕೂತದ್ದು ಅಷ್ಟಾಗಿ ಅಲ್ಲಾಡುವುದಿಲ್ಲ.

ಬಟ್ಟೆಯಲ್ಲಿ ಪೂರ್ತಿ ಕತ್ತಲು ಮಾಡುವ ಬ್ಲ್ಯಾಕ್‌ಔಟ್ ಒಂದು ತುದಿ, ಸಣ್ಣ ತೂತುಗಳ ಸನ್‌ಸ್ಕ್ರೀನ್ ಇನ್ನೊಂದು ತುದಿ. ಸನ್‌ಸ್ಕ್ರೀನಿನ ಮೇಲೆ ಬರೆದಿರುವ ಶೇ 3, ಶೇ 5 ಎಂದರೆ ಬಟ್ಟೆಯಲ್ಲಿ ಅಷ್ಟು ಪಾಲು ತೂತು ಎಂದರ್ಥ. ಹಗಲು ಒಳಗಿನವರಿಗೆ ಹೊರಗಿನದು ಕಾಣುತ್ತದೆ, ರಾತ್ರಿ ದೀಪ ಹಾಕಿದರೆ ಬೀದಿಯವರಿಗೆ ಒಳಗಿನದು ಕಾಣುತ್ತದೆ. ಬಿಸಿಲನ್ನು ತೂತುಗಳಿಂದ ಸೋಸುವ ಉಪಾಯ ಹಾಸನ ಜಿಲ್ಲೆಗೆ ಹೊಸದಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕಂಬಗಳ ನಡುವಿನ ತೆರೆದ ಜಾಗಕ್ಕೆ ಕಲ್ಲಿನ ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಕಟ್ಟಡ ಎದ್ದು ನಿಂತ ಮೇಲೆ ಅದರ ಕಿಂಡಿಗಳಿಗೆ ತಕ್ಕಂತೆ ತಟ್ಟೆ ಮಾಡಿ ಕೂರಿಸುವ ಕೆಲಸ ಅದು.

ಈಗ ಟೇಪು. ಹೊಲಿಗೆಯ ಬಟ್ಟೆಟೇಪು ಬೇಡ, ಹಳೆಯದಾದಂತೆ ಅದು ಹಿಗ್ಗಿರುತ್ತದೆ. ಸ್ಟೀಲ್ ಟೇಪೇ ಬೇಕು. ಅದರ ತುದಿಯ ಕೊಕ್ಕೆ ಒಂದಿಷ್ಟು ಅಲ್ಲಾಡುವುದನ್ನು ಕಂಡು ಹಾಳಾಗಿದೆ ಎಂದು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವವರುಂಟು. ಅಲ್ಲಾಡುವಂತೆ ಮಾಡಿರುವುದೇ ಬೇಕೆಂದು. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಸರಿಯುತ್ತದೆ. ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಬರುತ್ತದೆ, ಗೋಡೆಗೆ ಒತ್ತಿದಾಗ ಒಳಗೆ ಹೋಗುತ್ತದೆ. ಎರಡು ಸಲವೂ ಅಳತೆ ಸರಿ ಬರುತ್ತದೆ.

ಒಳಗೆ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ನೋಡಬೇಕು. ಕೈಯಲ್ಲಿ ಗಾರೆ ಎಳೆದ ಗೋಡೆ ನೂಲು ಹಿಡಿದಂತೆ ಇರುವುದು ಅಪರೂಪ. ಮೇಲೆ 1196, ನಡುವೆ 1190, ಕೆಳಗೆ 1184 ಮಿ.ಮೀ. ಬಂತೆನ್ನೋಣ. ತೆಗೆದುಕೊಳ್ಳಬೇಕಾದ್ದು ಚಿಕ್ಕದು, 1184. ಸರಾಸರಿ ಹಿಡಿದರೆ ಕಿರಿದಾದ ಕಡೆ ಬ್ಲೈಂಡಿಗೆ ಜಾಗ ಸಾಲದೆ ಹೋಗುವ ಭಯ. ಎತ್ತರವನ್ನೂ ಮೂರು ಕಡೆ ನೋಡಿ, ಅಲ್ಲಿ ದೊಡ್ಡದನ್ನು ಹಿಡಿಯಬೇಕು. ಹೆಚ್ಚಾದ ಬಟ್ಟೆ ಕೊಳವೆಯ ಮೇಲೇ ಉಳಿಯುತ್ತದೆ, ಕಡಿಮೆಯಾದರೆ ಕೆಳಗೆ ಸಂದು ಬೀಳುತ್ತದೆ.

ಆಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣ. ಎರಡೂ ಒಂದೇ ಬಂದರೆ ಕಿಟಕಿ ಮೂಲೆಮಟ್ಟಕ್ಕಿದೆ. ನಾಲ್ಕಡಿಯ ಚೌಕದಲ್ಲಿ ಕರ್ಣಗಳಿಗೆ 10 ಮಿ.ಮೀ. ವ್ಯತ್ಯಾಸ ಬಂದರೆ ಕಿಟಕಿ ಸುಮಾರು 7 ಮಿ.ಮೀ. ವಾಲಿದೆ ಎಂದು ತಿಳಿಯಬೇಕು. ವಾಲಿದ ಕಿಟಕಿಯೊಳಗೆ ನೆಟ್ಟಗಿನ ಬ್ಲೈಂಡ್ ಇಳಿಬಿಟ್ಟರೆ ಒಂದು ಬದಿ ಬೆಳಕಿನ ಗೆರೆ ಅಗಲವಾಗುತ್ತಾ ಹೋಗುತ್ತದೆ. ಅಂಥ ಕಡೆ ಹೊರಗೆ ಹಾಕುವುದೇ ವಾಸಿ.

ಹೆಚ್ಚು ಎಡವಟ್ಟಾಗುವುದು ಅಳೆಯುವಾಗಲ್ಲ, ಬರೆದುಕೊಡುವಾಗ. ಕಿಂಡಿ 1184 ಇದ್ದರೆ ಅದರೊಳಗೆ ಕೂರುವ ಬ್ಲೈಂಡ್ ಸುಮಾರು 10 ಮಿ.ಮೀ. ಚಿಕ್ಕದಿರಬೇಕು. ಆ ಹತ್ತನ್ನು ಕಳೆಯುವವರು ಯಾರು? ಮನೆಯವರೂ ಕಳೆದು ಅಂಗಡಿಯವರೂ ಕಳೆದರೆ ಬ್ಲೈಂಡ್ ಸಡಿಲ. ಇಬ್ಬರೂ ಕಳೆಯದಿದ್ದರೆ ಒಳಗೆ ಹೋಗುವುದೇ ಇಲ್ಲ. ಚೀಟಿಯಲ್ಲಿ ‘ಕಿಂಡಿಯ ಅಳತೆ, ಏನೂ ಕಳೆದಿಲ್ಲ’ ಎಂದು ಬರೆದರೆ ಮುಗಿಯಿತು. ಅಡಿ, ಇಂಚಿನ ಬರವಣಿಗೆಯೂ ಹೀಗೇ ಕೈಕೊಡುತ್ತದೆ. 4.6 ಎಂದು ಬರೆದವರ ಮನಸ್ಸಿನಲ್ಲಿರುವುದು ನಾಲ್ಕಡಿ ಆರಿಂಚು, ಅಂದರೆ 54 ಇಂಚು. ಕ್ಯಾಲ್ಕುಲೇಟರಿಗೆ ಅದು 55.2 ಇಂಚು. ಮಿ.ಮೀ.ನಲ್ಲಿ ಬರೆದರೆ ಚುಕ್ಕಿಯ ಗೊಡವೆಯೇ ಇಲ್ಲ.

ಇನ್ನೊಂದು ಸಂಗತಿಯನ್ನು ಮೊದಲೇ ತಿಳಿದಿದ್ದರೆ ಬೇಸರವಾಗುವುದಿಲ್ಲ. ಬ್ಲೈಂಡಿನ ಅಗಲ ಎಂದರೆ ಬ್ರಾಕೆಟ್ಟಿನಿಂದ ಬ್ರಾಕೆಟ್ಟಿಗೆ. ಬಟ್ಟೆ ಅದಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕಿರಿದು, ಏಕೆಂದರೆ ಒಂದು ಬದಿ ಮಣಿಸರದ ಚಕ್ರ, ಇನ್ನೊಂದು ಬದಿ ಕೊಳವೆಯ ಮೊಳೆ ಜಾಗ ತಿನ್ನುತ್ತವೆ. ಮೇಲೆ ಹೇಳಿದ ಕಿಟಕಿಯಲ್ಲಿ 1174ರ ಬ್ಲೈಂಡಿಗೆ 1139ರ ಬಟ್ಟೆ ಬಂದರೆ ಎರಡೂ ಬದಿ ಸೇರಿ ನಾಲ್ಕೂವರೆಯಿಂದ ಸುಮಾರು ಐದೂಮುಕ್ಕಾಲು ಸೆಂಟಿಮೀಟರ್ ಬೆಳಕು ಬರುತ್ತದೆ. ಬಟ್ಟೆ ಬ್ಲ್ಯಾಕ್‌ಔಟ್ ಆದರೂ ಸಂದು ಬ್ಲ್ಯಾಕ್‌ಔಟ್ ಅಲ್ಲ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರ ಕೋಣೆಗೆ, ತೊಟ್ಟಿಲಿರುವ ಕೋಣೆಗೆ ಹೊರಗೆ ಹಾಕಿದ ಬ್ಲೈಂಡೇ ಸರಿ.

ಹೊರಗೆ ಹಾಕುವಾಗ ಕಿಂಡಿಗಿಂತ ಎಡಬಲಕ್ಕೆ ಎರಡರಿಂದ ನಾಲ್ಕಿಂಚು, ಮೇಲೆ ಕೆಳಗೂ ಅಷ್ಟೇ ಹೆಚ್ಚು ಬೇಕು. ಖರ್ಚು ಏರುವುದು ಇಲ್ಲೇ, ಏಕೆಂದರೆ ದರ ಚದರಡಿ ಲೆಕ್ಕ. 48 ಬೈ 48 ಇಂಚು ಎಂದರೆ 16 ಚದರಡಿ; ಸುತ್ತ ನಾಲ್ಕಿಂಚು ಬೆಳೆಸಿ 56 ಬೈ 56 ಮಾಡಿದರೆ ಹತ್ತಿರ ಹತ್ತಿರ 22 ಚದರಡಿ, ಮೂರನೇ ಒಂದು ಪಾಲಿಗಿಂತ ಜಾಸ್ತಿ. ಕಿಟಕಿಯ ಪಕ್ಕದಲ್ಲಿ ಸ್ವಿಚ್ ಬೋರ್ಡು, ಬೀರು, ಮೂಲೆಯ ಗೋಡೆ ಇದ್ದರೆ ನಾಲ್ಕಿಂಚು ಸಿಗುವುದೂ ಇಲ್ಲ. ಮೇಲ್ಗಡೆ ಲಿಂಟಲ್ ಕಾಂಕ್ರೀಟು. ಅಲ್ಲಿ ಸಾದಾ ಡ್ರಿಲ್ ನಡೆಯುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ಎಂಟಡಿಯ ಹಾಲ್ ಕಿಟಕಿಗೆ ಒಂದೇ ಬ್ಲೈಂಡ್ ಕೇಳುವವರು ಸಣ್ಣ ಕೊಳವೆ ನಡುವೆ ಬಾಗುತ್ತದೆ ಎಂಬುದನ್ನು ಮರೆಯಬಾರದು. ದಪ್ಪ ಕೊಳವೆ ಹಾಕಿಸಬೇಕು, ಇಲ್ಲವೇ ಎರಡು ಬ್ಲೈಂಡ್ ಮಾಡಿಸಿ, ನಡುವಿನ ಸಂದು ಕಿಟಕಿಯ ಮರದ ಕಂಬದ ಎದುರಿಗೆ ಬರುವಂತೆ ನೋಡಿಕೊಳ್ಳಬೇಕು.

ಚೀಟಿಯಲ್ಲಿ ಕೊನೆಗೆ ಬರೆಯಬೇಕಾದ್ದು ಮಣಿಸರ ಎಡಕ್ಕೋ ಬಲಕ್ಕೋ ಎಂಬುದು. ಮಂಚ, ದಿವಾನ, ಮಕ್ಕಳು ಹತ್ತಿ ನಿಲ್ಲುವ ಕುರ್ಚಿ ಇರುವ ಬದಿ ಬೇಡ. ಜೋತಾಡುವ ಸರ ಪುಟ್ಟ ಮಕ್ಕಳ ಕೊರಳಿಗೆ ಸಿಕ್ಕಿ ಸಾವುಗಳಾಗಿರುವುದರಿಂದ ಯುರೋಪಿನಲ್ಲಿ ಇದಕ್ಕೆ ಪ್ರತ್ಯೇಕ ಮಾನದಂಡವೇ ಇದೆ: ಸರದ ಕೆಳತುದಿ ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕು, ಜೊತೆಗೆ ಸರವನ್ನು ಎಳೆದು ಬಿಗಿಯಾಗಿ ಗೋಡೆಗೆ ಹಿಡಿದಿಡುವ ಕ್ಲಿಪ್‌ನಂಥ ಸಾಧನ ಇರಬೇಕು. ಕ್ಲಿಪ್ ಡಬ್ಬದಲ್ಲಿ ಬಂದರೂ ಕೇಳದಿದ್ದರೆ ಕೆಲಸದವರು ಅದನ್ನು ಹಾಕದೆ ಹೋಗುವುದುಂಟು. ಸರದ ಉದ್ದ ಎಷ್ಟಿರಬೇಕೆಂದು ಆರ್ಡರಿನಲ್ಲೇ ಬರೆಸಿ, ಬ್ರಾಕೆಟ್ ಕೂರಿಸುವ ದಿನವೇ ಡ್ರಿಲ್ ಕೈಯಲ್ಲಿರುವಾಗ ಕ್ಲಿಪ್ಪಿನ ಸ್ಕ್ರೂಗಳನ್ನೂ ಹಾಕಿಸಿಕೊಳ್ಳಬೇಕು.