ತಲೆಹೊಟ್ಟು: ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ ಕ್ರಮಗಳು

ತಲೆಹೊಟ್ಟು ನೆತ್ತಿಯ ಚರ್ಮದ ಸಾಮಾನ್ಯ ತೊಂದರೆಯಾಗಿದ್ದು, ಒಬ್ಬರಿಂದ ಮತ್ತೊಬ್ಬರಿಗೆ ಹರಡುವುದಿಲ್ಲ. ಎಲ್ಲರ ಚರ್ಮದ ಮೇಲೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರವು ನೆತ್ತಿಯ ಜಿಡ್ಡನ್ನು ಅವಲಂಬಿಸಿ ಬೆಳೆಯುತ್ತದೆ. ಕೆಲವರಲ್ಲಿ ಇದರಿಂದ ಚರ್ಮವು ಕೆರಳಿ, ತುರಿಕೆಯುಂಟಾಗಿ, ಹೊಟ್ಟು ಉದುರುತ್ತದೆ.

ಚಿಕಿತ್ಸೆ:
1. ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಬಾರಿಯಂತೆ 2ರಿಂದ 4 ವಾರಗಳವರೆಗೆ ಬಳಸಬಹುದಾಗಿದೆ.
2. ಹಚ್ಚಿದ ಕೂಡಲೇ ತೊಳೆದಲ್ಲಿ ಔಷಧಿಯ ಪೂರ್ಣ ಪ್ರಯೋಜನ ದೊರೆಯುವುದಿಲ್ಲ. ಕೂದಲಿಗಷ್ಟೇ ಅಲ್ಲದೆ ನೆತ್ತಿಗೂ ತಾಗುವಂತೆ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯತಕ್ಕದ್ದು.
3. ಗುಣವಾದ ನಂತರ ವಾರಕ್ಕೆ ಅಥವಾ ಎರಡು ವಾರಗಳಿಗೆ 1 ಬಾರಿ ಬಳಸಿದಲ್ಲಿ, ಹೊಟ್ಟು ಮರುಕಳಿಸುವುದನ್ನು ತಡೆಯಬಹುದು.
4. 12 ವರ್ಷದೊಳಗಿನ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ಮುನ್ನೆಚ್ಚರಿಕೆ:
ನೆತ್ತಿ ಒಣಗಿದೆಯೆಂದು ಭಾವಿಸಿ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡುವುದರಿಂದ ಹೊಟ್ಟು ಹೆಚ್ಚಬಹುದು. ಎಣ್ಣೆ ಸ್ನಾನ ಮಾಡುವವರು ಅದೇ ದಿನ ಜಿಡ್ಡು ಉಳಿಯದಂತೆ ತಲೆ ತೊಳೆದುಕೊಳ್ಳುವುದು ಸೂಕ್ತ.

ಪೋಷಕರ ವಿಶೇಷ ಗಮನಕ್ಕೆ:
ಮಕ್ಕಳಲ್ಲಿ ಹೊಟ್ಟಿನೊಂದಿಗೆ ಕೂದಲು ಅಲ್ಲಲ್ಲಿ ತುಂಡಾಗಿ ಬೋಳಾದಲ್ಲಿ ಅಥವಾ ಕೀವು ಕಂಡುಬಂದಲ್ಲಿ, ಅದು ತಲೆಹೊಟ್ಟಲ್ಲದೆ ಹುಳುಕಡ್ಡಿ ರೋಗವಾಗಿರಬಹುದು. ಇದು ಬಾಚಣಿಗೆ, ಟೋಪಿ ಹಾಗೂ ಟವೆಲ್‌ಗಳ ಮೂಲಕ ಇತರರಿಗೆ ಹರಡುತ್ತದೆ. ಶಾಂಪೂವಿನಿಂದಷ್ಟೇ ಗುಣವಾಗದು, ವೈದ್ಯರು ಸೂಚಿಸುವ ಸೇವನೆಯ ಔಷಧಿ ಅಗತ್ಯ. ವಿಳಂಬವಾದಲ್ಲಿ ಆ ಭಾಗದಲ್ಲಿ ಕೂದಲು ಶಾಶ್ವತವಾಗಿ ಬೆಳೆಯದಿರುವ ಸಂಭವವಿದೆ. ಆದುದರಿಂದ ಇಂತಹ ಮಕ್ಕಳನ್ನು ಕೂಡಲೇ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಗೆ ಕರೆತಂದು ತಪಾಸಣೆ ಮಾಡಿಸಲು ಕೋರಲಾಗಿದೆ.