ಮದುವೆ ಹಾಲ್‌ನಲ್ಲಿ ಜೋಡಿ ಡ್ಯಾನ್ಸ್ ಇದೆಯಾ? ಸ್ಟೆಪ್ಸ್‌ಗಿಂತ ಮೊದಲು ನಿಲ್ಲೋದು ಕಲಿಯಿರಿ

ಮಂಗಳೂರು: ಕರಾವಳಿಯ ಕ್ರೈಸ್ತ ಮದುವೆ ರಿಸೆಪ್ಷನ್‌ಗಳಲ್ಲಿ ವಧು-ವರರ ವಾಲ್ಟ್ಸ್ ಹೊಸತೇನಲ್ಲ. ಈಗ ಬೇರೆ ಸಮುದಾಯಗಳ ರಿಸೆಪ್ಷನ್‌ಗಳಲ್ಲೂ ಜೋಡಿ ಡ್ಯಾನ್ಸ್ ನೋಡಲು ಸಿಗುತ್ತದೆ. ಹಾಡು ಆರಿಸಿ, ಯೂಟ್ಯೂಬ್ ನೋಡಿ ಸ್ಟೆಪ್ಸ್ ಕಲಿತಾಯ್ತು ಅಂದುಕೊಳ್ಳಿ. ಆದರೂ ಫ್ಲೋರ್ ಮೇಲೆ ಕೈ ಕೊಡೋದು ನಿಲ್ಲುವ ರೀತಿ. ಉದ್ದ ಗೌನು, ಹೈ ಹೀಲ್ಸ್ ಹಾಕಿದ ಮದುಮಗಳನ್ನು ತೋಳಿನ ಬಲದಿಂದ ಎಳೆದರೆ ಭುಜ ನೋಯೋದು ಮಾತ್ರವಲ್ಲ, ಬೀಳುವ ಅಪಾಯವೂ ಉಂಟು.

ಕಾಲು ನೋಡಬೇಡಿ

ತಲೆಯ ತೂಕವೇ ಸುಮಾರು 5 ಕೆ.ಜಿ. ಕೆಳಗೆ ಬಗ್ಗಿ ಪಾದ ನೋಡುತ್ತಿದ್ದರೆ ಆ ಭಾರ ಮುಂದಕ್ಕೆ ಬಂದು ಕುತ್ತಿಗೆ, ಬೆನ್ನು ಹಿಡಿಯುತ್ತದೆ. ಬ್ಯಾಲೆನ್ಸೂ ತಪ್ಪುತ್ತದೆ. ಇಬ್ಬರೂ ಸಂಗಾತಿಯ ಬಲಭುಜದ ಮೇಲಿಂದ ಆಚೆಗೆ ನೋಡಬೇಕು.

ಎದುರುಬದುರು ನೇರ ನಿಂತರೆ ಕಾಲು ತುಳಿಯೋದು ಖಂಡಿತ. ಇಬ್ಬರೂ ತಮ್ಮ ಎಡಕ್ಕೆ ಸ್ವಲ್ಪ ಸರಿದು ನಿಲ್ಲಿ. ಆಗ ನಿಮ್ಮ ಬಲಗಾಲು ಸಂಗಾತಿಯ ಎರಡು ಪಾದಗಳ ನಡುವೆ ಹೋಗುತ್ತದೆ.

ಕೈಯಿಂದ ಎಳೆಯಬೇಡಿ

ವರನ ಬಲಗೈ ವಧುವಿನ ಎಡ ಹೆಗಲ ಮೂಳೆಯ ಮೇಲೆ, ವಧುವಿನ ಎಡಗೈ ಅವನ ಬಲತೋಳಿನ ಮೇಲೆ. ಇನ್ನೊಂದು ಕೈಯನ್ನು ಹಗುರವಾಗಿ ಹಿಡಿಯಿರಿ. ಮೊಣಕೈ ಜೋತು ಬೀಳಬಾರದು, ಹಾಗಂತ ಭುಜ ಕಿವಿಯ ತನಕ ಏರಲೂಬಾರದು. ಯಾವ ಕಡೆ ಹೋಗಬೇಕು ಅನ್ನೋ ಸೂಚನೆ ಎದೆಯಿಂದ, ಇಡೀ ದೇಹದಿಂದ ಬರಬೇಕು. ಮೈ ತಿರುಗಿದರೆ ಕೈ ತಾನಾಗಿ ತಿರುಗುತ್ತದೆ.

ಪರೀಕ್ಷೆ ಸುಲಭ: ಡ್ಯಾನ್ಸ್ ನಡುವೆ ನಿಂತು ಇಬ್ಬರೂ ಕೈ ಬಿಡಿ. ಯಾರಾದರೂ ತೂಗಾಡಿದರೆ ಅವರು ಸಂಗಾತಿಯ ಮೇಲೆ ಭಾರ ಹಾಕುತ್ತಿದ್ದರು ಅಂತಲೇ ಅರ್ಥ.

ಮನೆಯಲ್ಲೇ ಅಭ್ಯಾಸ

* ಗೋಡೆಗೆ ಒರಗಿ ನಿಲ್ಲಿ. ಹಿಮ್ಮಡಿ, ಸೊಂಟದ ಹಿಂಭಾಗ, ಹೆಗಲು, ತಲೆ ಗೋಡೆಗೆ ತಾಗಲಿ. ಒತ್ತಾಯ ಮಾಡಬೇಡಿ. ಒಂದು ನಿಮಿಷ ಬಿಟ್ಟು ಅದೇ ನಿಲುವಿನಲ್ಲಿ ನಾಲ್ಕು ಹೆಜ್ಜೆ ನಡೆಯಿರಿ.
* ಮಂಡಿ ಗಟ್ಟಿ ಮಾಡಬೇಡಿ, ಸ್ವಲ್ಪ ಸಡಿಲ ಇರಲಿ.
* ಮದುವೆ ದಿನ ಹಾಕುವ ಚಪ್ಪಲಿಯನ್ನೇ ಹಾಕಿ ಅಭ್ಯಾಸ ಮಾಡಿ. ಹೀಲ್ಸ್ ಎತ್ತರ ಬದಲಾದರೆ ದೇಹದ ಭಾರ ಬೀಳುವ ಜಾಗವೂ ಬದಲಾಗುತ್ತದೆ.
* ಒಂದು, ಎರಡು, ಮೂರು ಎಂದು ಎಣಿಸುತ್ತಾ ನಿಧಾನ ಹಾಡಿನಲ್ಲಿ ಶುರು ಮಾಡಿ.

ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲೇ ಬೆನ್ನು, ಮಂಡಿ ನೋವಿದ್ದವರು ವೈದ್ಯರನ್ನು ಕೇಳಿಯೇ ಅಭ್ಯಾಸ ಮಾಡಿ. ಎರಡೇ ಸ್ಟೆಪ್ ಬಂದರೂ ಪರವಾಗಿಲ್ಲ. ನೆಟ್ಟಗೆ ನಿಂತು ನಗುತ್ತಾ ತಿರುಗುವ ಜೋಡಿಯ ಕಾಲನ್ನು ಯಾರೂ ಲೆಕ್ಕ ಹಾಕೋದಿಲ್ಲ.