ಹೆಸರಿನಲ್ಲಷ್ಟೇ ಉಳಿದ ಮೀನು: ನೀಸ್ ನಗರದ ಈರುಳ್ಳಿ ಟಾರ್ಟ್

ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಇಟಲಿಯ ಗಡಿಗೆ ಸಮೀಪದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ನಗರ ನೀಸ್. ಅಲ್ಲಿನ ಹಳೆಯ ಪೇಟೆಯ ಬೇಕರಿಗಳಲ್ಲಿ ದೊಡ್ಡ ತಟ್ಟೆಗಳಲ್ಲಿ ಬೇಯಿಸಿ, ತುಂಡು ತುಂಡಾಗಿ ಕತ್ತರಿಸಿ ಮಾರುವ ತಿನಿಸೇ ಪಿಸಲಾದಿಯೇರ್. ನೋಟಕ್ಕೆ ಇದು ಪಿಜ್ಜಾದ ದಾಯಾದಿ. ಆದರೆ ಇದರಲ್ಲಿ ಟೊಮೆಟೊ ಇಲ್ಲ, ಚೀಸ್ ಇಲ್ಲ. ಯಾವ ಪದಾರ್ಥದಿಂದ ಇದಕ್ಕೆ ಈ ಹೆಸರು ಬಂತೋ ಆ ಪದಾರ್ಥವೂ ಇಂದು ಬಹುತೇಕ ಮರೆಯಾಗಿದೆ.

ಹೆಸರಿನ ಮೂಲ

ನೀಸ್‌ನ ಆಡುನುಡಿಯಲ್ಲಿ 'ಪಿಸಲಾ' ಎಂದರೆ ಉಪ್ಪು ಹಾಕಿದ ಮೀನು. ಆಂಚೊವಿ ಮತ್ತು ಸಾರ್ಡೀನ್‌ಗಳ ಎಳೆಯ ಮರಿಗಳನ್ನು ಉಪ್ಪಿನೊಡನೆ ಪದರ ಪದರವಾಗಿ ಜಾಡಿಗೆ ತುಂಬಿ, ಲವಂಗ, ಕಾಳುಮೆಣಸುಗಳನ್ನು ಸೇರಿಸಿ, ವಾರಗಟ್ಟಲೆ ಕಲಕುತ್ತ ಮಾಗಿಸಿ, ಕೊನೆಗೆ ಸೋಸಿ ತೆಗೆದ ಖಾರವಾದ ಲೇಹವಿದು. ಮಂಗಳೂರು, ಉಡುಪಿಗಳಲ್ಲಿ ಬೂತಾಯಿ ಎನ್ನುವ ಮೀನು ಈ ಸಾರ್ಡೀನ್‌ನ ಹತ್ತಿರದ ಸಂಬಂಧಿ. ಹಿಂದೆ ಈ ಲೇಹವನ್ನು ಟಾರ್ಟ್‌ಗೆ ಸವರುತ್ತಿದ್ದರು. ಈಗ ಅದರ ಸ್ಥಾನದಲ್ಲಿ ಉಪ್ಪಿನಲ್ಲಿಟ್ಟ ಆಂಚೊವಿಯ ಸೀಳುಗಳನ್ನು ಜೋಡಿಸುವುದೇ ವಾಡಿಕೆ.

ತಯಾರಿ ಹೇಗೆ?

ಆಲಿವ್ ಎಣ್ಣೆ ಬೆರೆಸಿ ಹುದುಗಿಸಿದ ಹಿಟ್ಟು ಇದರ ತಳ. ಜೀವಾಳ ಮಾತ್ರ ಈರುಳ್ಳಿ. ತೆಳ್ಳಗೆ ಹೆಚ್ಚಿದ ಈರುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ, ಸಣ್ಣ ಉರಿಯಲ್ಲಿ, ಕಂದದಂತೆ ಒಂದು ಗಂಟೆಗೂ ಹೆಚ್ಚು ಕಾಲ ಬೇಯಿಸಬೇಕು. ಆಗ ಕಣ್ಣುರಿಸುವ ಗಂಧಕದ ಅಂಶಗಳು ಆವಿಯಾಗಿ ಹೋಗುತ್ತವೆ. ನೀರು ಇಂಗಿ ಸಹಜವಾದ ಸಕ್ಕರೆ ಗಟ್ಟಿಗೊಳ್ಳುತ್ತದೆ. ಈ ಸಿಹಿಗೆ ಮೀನಿನ ಉಪ್ಪು ಮತ್ತು ಪುಟ್ಟ ಕಪ್ಪು ಆಲಿವ್‌ಗಳ ಕಹಿ ಎದುರಾಗುವುದರಲ್ಲೇ ತಿನಿಸಿನ ರುಚಿ ಅಡಗಿದೆ.

ಗಡಿಯಾಚೆಯ ಬಂಧುಗಳು

ನೀಸ್ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಅದಕ್ಕೂ ಮೊದಲು, 1388ರಿಂದ, ಅದು ಬಹುಕಾಲ ಸವಾಯ್ ರಾಜಮನೆತನದ ಅಧೀನದಲ್ಲಿತ್ತು. ಹೀಗಾಗಿ ಅದರ ಅಡುಗೆಗೆ ನೆರೆಯ ಇಟಲಿಯ ಲಿಗೂರಿಯಾ ಪ್ರಾಂತ್ಯದೊಡನೆ ನಂಟು ಹೆಚ್ಚು. ಅಲ್ಲಿನ ಸಾನ್‌ರೇಮೊದ ಸಾರ್ದೆನಾಯಿರಾ ಇದೇ ಜಾತಿಯದು, ಆದರೆ ಟೊಮೆಟೊ ಉಂಟು. ಈಸ್ಟರ್ ಹಬ್ಬದ ತೋರ್ತಾ ಪಾಸ್ಕ್ವಲೀನಾದಲ್ಲಿ ಸೊಪ್ಪು, ಮೃದುವಾದ ಚೀಸ್ ಮತ್ತು ಇಡೀ ಮೊಟ್ಟೆಗಳನ್ನು ತೆಳು ಹಾಳೆಗಳ ನಡುವೆ ಮುಚ್ಚುತ್ತಾರೆ. ಕ್ರಿಸ್ತನ ಆಯುಸ್ಸಿನ ನೆನಪಿಗೆ 33 ಹಾಳೆಗಳಿರಬೇಕೆಂಬುದು ಸಂಪ್ರದಾಯ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಸುಟ್ಟ ಬದನೆ, ದಪ್ಪ ಮೆಣಸಿನಕಾಯಿ ಹರಡಿದ 'ಕೋಕಾ' ಜನಪ್ರಿಯ.

ಇವುಗಳಲ್ಲಿ ಕೆಲವಕ್ಕೆ ಕಾನೂನಿನ ರಕ್ಷಣೆ ದೊರೆತಿದೆ. ಲಿಗೂರಿಯಾದ ರೆಕ್ಕೊ ಪಟ್ಟಣದ ಚೀಸ್ ಫೊಕಾಚಿಯಾ 2015ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚಕ ಮಾನ್ಯತೆ ಪಡೆಯಿತು. ರೆಕ್ಕೊ ಹಾಗೂ ಅದರ ಸುತ್ತಲಿನ ಕೆಲವೇ ಊರುಗಳಲ್ಲಿ ತಯಾರಾದುದಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ.

ಕಡಲಿನ ಸಂಕಟ

ಆದರೆ ಹೆಸರನ್ನು ಕಾಯುವ ಕಾನೂನು ಮೀನನ್ನು ಕಾಯಲಾರದು. ಒಕ್ಕೂಟದ 2006ರ ಮೀನುಗಾರಿಕೆ ನಿಯಮವು ಮೆಡಿಟರೇನಿಯನ್‌ನಲ್ಲಿ ಹಿಡಿಯಬಹುದಾದ ಆಂಚೊವಿಗೆ 9 ಸೆಂ.ಮೀ., ಸಾರ್ಡೀನ್‌ಗೆ 11 ಸೆಂ.ಮೀ. ಕನಿಷ್ಠ ಉದ್ದವನ್ನು ಗೊತ್ತುಪಡಿಸಿದೆ. ಮರಿಮೀನು ಹಿಡಿಯಲು ವಿಶೇಷ ವಿನಾಯಿತಿ ಬೇಕು. ಮೇಲಾಗಿ ನೀಸ್‌ನ ಪಶ್ಚಿಮಕ್ಕಿರುವ ಲಯನ್ ಕೊಲ್ಲಿಯಲ್ಲಿ, 2008ರ ಆಸುಪಾಸಿನಿಂದ ಈ ಎರಡೂ ಮೀನುಗಳ ಗಾತ್ರ ಕುಗ್ಗಿದೆ. ಇದಕ್ಕೆ ಅತಿಯಾದ ಮೀನುಗಾರಿಕೆಗಿಂತ, ಅವುಗಳ ಆಹಾರವಾದ ಪ್ಲವಕ ಜೀವಿಗಳಲ್ಲಿ ಆದ ಬದಲಾವಣೆಯೇ ಮುಖ್ಯ ಕಾರಣವೆಂಬುದು ಸಂಶೋಧಕರ ಅಭಿಪ್ರಾಯ. ಮೀನು ಸಣ್ಣದಾದರೆ ಮಾರುಕಟ್ಟೆಯಲ್ಲಿ ಬೆಲೆಯೂ ಇಳಿಯುತ್ತದೆ. ಅದರ ಹೊಡೆತ ದೋಣಿಗಳನ್ನು ನಂಬಿದವರಿಗೆ.

ಆ ಕಡೆ ಪ್ರವಾಸ ಹೋಗುವ ಕನ್ನಡಿಗ ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ಪಿಸಲಾದಿಯೇರ್‌ನ ಮೇಲೆ ಮೀನು ಕಾಣದಿದ್ದರೂ ಈರುಳ್ಳಿಯಲ್ಲಿ ಅದು ಕರಗಿರಬಹುದು. ಕೇಳಿ ತಿಳಿಯುವುದು ಲೇಸು. ಅದೇ ಪೇಟೆಯಲ್ಲಿ ದೊರೆಯುವ 'ಸೊಕ್ಕಾ' ಆ ಭಯವಿಲ್ಲದ ತಿನಿಸು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು - ಇಷ್ಟೇ ಅದರ ಸಾಮಗ್ರಿ.